ವಾಟ್ಸಾಪ್ ಬರುತ್ತಾ?

2017ರ ಕೊನೆಯ ಹೊತ್ತಿಗೆ ನಮ್ಮೂರಿನ ಮೊಬೈಲ್ ಅಂಗಡಿಗೆ ಜಿಯೋಫೋನ್ ಬಂದಿತ್ತು. 1,500 ರೂಪಾಯಿ ಠೇವಣಿ, ಮೂರು ವರ್ಷ ಆದಮೇಲೆ ವಾಪಸ್. ಹಿರಿಯರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಬ್ಯಾಟರಿ ಎಷ್ಟು, ಕ್ಯಾಮೆರಾ ಎಷ್ಟು ಅಂತ ಏನೂ ಕೇಳಲಿಲ್ಲ. ಕೇಳಿದ್ದು ಒಂದೇ: "ವಾಟ್ಸಾಪ್ ಬರುತ್ತಾ?" ಅಂಗಡಿಯವನು "ಮುಂದೆ ಬರುತ್ತೆ ಅಂತಿದಾರೆ" ಎಂದ. "ಬಂದಾಗ ನೋಡೋಣ ಬಿಡಪ್ಪ" ಎಂದು ಫೋನನ್ನು ಗಾಜಿನ ಮೇಲಿಟ್ಟು ಅವರು ಹೊರಟೇಬಿಟ್ಟರು. ಜಿಯೋಫೋನಿಗೆ ವಾಟ್ಸಾಪ್ ಬಂದದ್ದು 2018ರ ಸೆಪ್ಟೆಂಬರಿನಲ್ಲಿ.

ಆ ಫೋನಿನ ಓಎಸ್ (ಆಪರೇಟಿಂಗ್ ಸಿಸ್ಟಂ, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ) ಕಾಯ್‌ಓಎಸ್. ಬ್ರೌಸರ್ ಮಾಡುವ ಮೊಜಿಲ್ಲಾ ಸಂಸ್ಥೆ ಕೈಬಿಟ್ಟ ಫೈರ್‌ಫಾಕ್ಸ್ ಓಎಸ್‌ನ ಬೇರಿನಿಂದ ಚಿಗುರಿದ್ದು. 512 ಎಂಬಿ ರ್‍ಯಾಮ್‌ನಲ್ಲಿ 4ಜಿ ಫೋನ್ ಓಡಿಸುವುದು ಸಣ್ಣ ಕೆಲಸವಲ್ಲ. ಆದರೆ ಆ ಹಿರಿಯರಿಗೆ ಅದನ್ನು ಕಟ್ಟಿಕೊಂಡು ಏನಾಗಬೇಕು?

ಚೀನಾದ ಹುವಾವೇ ಕಂಪನಿಯ ಹಾರ್ಮನಿಓಎಸ್ ಬಗ್ಗೆ ಓದುವಾಗಲೆಲ್ಲ ನನಗೆ ಆ ಹಿರಿಯರ "ವಾಟ್ಸಾಪ್ ಬರುತ್ತಾ" ಪ್ರಶ್ನೆ ನೆನಪಾಗುತ್ತದೆ. ಚೀನಾದಲ್ಲಿ ಇದರ ಹೆಸರು ಹಾಂಗ್‌ಮೆಂಗ್. ಆಂಡ್ರಾಯ್ಡ್ ಮತ್ತು ಐಫೋನಿನ ಐಓಎಸ್ ಬಿಟ್ಟರೆ ಮೂರನೆಯವರಿಗೆ ಜಾಗವೇ ಇಲ್ಲ ಎಂಬ ಮಾತು ರೂಢಿಯಾದ ಮೇಲೆ ಬಂದ ಮೂರನೆಯವನು ಇದು.

ಮೂರನೆಯವನಿಗೆ ಜಾಗ ಯಾಕೆ ಸಿಗುವುದಿಲ್ಲ? ಫೋನಿನೊಳಗೆ ಓಎಸ್ ಮಾಡುವ ಕೆಲಸ ಹೆಚ್ಚುಕಡಿಮೆ ತಾಲೂಕು ಕಚೇರಿಯ ಕೆಲಸವೇ. ಯಾವ ಆ್ಯಪ್ ಕೂಡ ಕ್ಯಾಮೆರಾಕ್ಕೆ ನೇರವಾಗಿ ಕೈ ಹಾಕುವ ಹಾಗಿಲ್ಲ. "ಸ್ವಲ್ಪ ಕ್ಯಾಮೆರಾ ಬೇಕು", "ಇಷ್ಟು ಮೆಮೊರಿ ಬೇಕು" ಎಂದು ಅರ್ಜಿ ಹಾಕಬೇಕು. ಒಂದೊಂದು ಕಚೇರಿಯ ಅರ್ಜಿ ನಮೂನೆ ಒಂದೊಂದು ಥರ. ಆಂಡ್ರಾಯ್ಡ್ ನಮೂನೆ ತುಂಬಲು ಕಲಿತ ಆ್ಯಪನ್ನು ಬೇರೆ ಓಎಸ್ ಮುಂದೆ ನಿಲ್ಲಿಸಿದರೆ ಅದು ಕಕ್ಕಾಬಿಕ್ಕಿ. ಅದನ್ನು ಹೊಸದಾಗಿ ಬರೆಯಬೇಕು, ಬರೆಯಲು ದುಡ್ಡು ಬೇಕು. ಜನ ಇಲ್ಲದ ಓಎಸ್‌ಗೆ ಆ್ಯಪ್ ಬರೆಯಲು ಯಾರೂ ಬರುವುದಿಲ್ಲ, ಆ್ಯಪ್ ಇಲ್ಲದ ಓಎಸ್‌ಗೆ ಜನ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಅಂತಾರಲ್ಲ, ಅದೇ ಕಥೆ.

ದುಡ್ಡು ಸುರಿದರೂ ಈ ಗಂಟು ಬಿಚ್ಚುವುದಿಲ್ಲ ಎಂಬುದನ್ನು ಮೈಕ್ರೋಸಾಫ್ಟ್ ದುಬಾರಿಯಾಗಿ ಕಲಿತಿತು. 2010ರಲ್ಲಿ ಬಂದ ವಿಂಡೋಸ್ ಫೋನ್ ನೋಡಲು ಚೆಂದ, ಓಟದಲ್ಲೂ ಚುರುಕು. ನೋಕಿಯಾದ ಫೋನ್ ವ್ಯವಹಾರವನ್ನೇ ಅವರು ಕೊಂಡರು. 2015ರಲ್ಲಿ ಆ ಲೆಕ್ಕದಲ್ಲಿ ಸುಮಾರು 7.6 ಬಿಲಿಯನ್ ಡಾಲರ್ ನಷ್ಟ ಬರೆದು ಕೈತೊಳೆದುಕೊಂಡರು. ಆ್ಯಪ್ ಮಾಡಿಸಲು ನಾವೇ ಹಣ ಕೊಟ್ಟೆವು, ಕೆಲವನ್ನು ನಾವೇ ಬರೆದೂ ಕೊಟ್ಟೆವು, ಆದರೂ ಬಳಸುವವರ ಸಂಖ್ಯೆ ಸಾಲಲಿಲ್ಲ ಎಂದು 2017ರಲ್ಲಿ ಆ ಕಂಪನಿಯ ಜೋ ಬೆಲ್ಫಿಯೋರ್ ಒಪ್ಪಿಕೊಂಡರು. ಸ್ಯಾಮ್‌ಸಂಗ್ ಕೂಡ ತನ್ನ ಟೈಜೆನ್ ಓಎಸ್‌ನ ಝಡ್1 ಫೋನನ್ನು 2015ರ ಜನವರಿಯಲ್ಲಿ 5,700 ರೂಪಾಯಿಗೆ ಭಾರತದಲ್ಲೇ ಬಿಟ್ಟಿತು. ಟೈಜೆನ್ ಈಗಲೂ ಸ್ಯಾಮ್‌ಸಂಗ್ ಟಿವಿಗಳಲ್ಲಿ ಆರಾಮಾಗಿದೆ. ಫೋನಿನಲ್ಲಿ ಮಾತ್ರ ಇಲ್ಲ.

ಹುವಾವೇ ಕಥೆ ಬೇರೆಯಾಗಿದ್ದು ಅದಕ್ಕೆ ಬೇರೆ ದಾರಿಯೇ ಇರಲಿಲ್ಲ ಎಂಬ ಕಾರಣಕ್ಕೆ. 2019ರ ಮೇ ತಿಂಗಳಲ್ಲಿ ಅಮೆರಿಕ ಅದನ್ನು ವ್ಯಾಪಾರ ನಿರ್ಬಂಧದ ಪಟ್ಟಿಗೆ ಸೇರಿಸಿತು. ಹೊಸ ಫೋನುಗಳಿಗೆ ಗೂಗಲ್ ಸೇವೆಗಳು ಬಂದ್ ಆದವು. ಆಂಡ್ರಾಯ್ಡ್‌ನ ಮುಕ್ತ ಭಾಗ ಯಾರಿಗೆ ಬೇಕಾದರೂ ಸಿಗುತ್ತದೆ. ಆದರೆ ಪ್ಲೇ ಸ್ಟೋರ್, ಮ್ಯಾಪ್ಸ್, ಜಿಮೇಲ್ ಇಲ್ಲದ ಆಂಡ್ರಾಯ್ಡ್ ಅಂದರೆ ಸಾರಿಲ್ಲದ ಮುದ್ದೆ. ಚೀನಾದೊಳಗೆ ಅದರಿಂದ ಅಂಥ ತೊಂದರೆ ಇರಲಿಲ್ಲ, ಅಲ್ಲಿ ಗೂಗಲ್ ಮೊದಲೇ ಇರಲಿಲ್ಲ.

ಆ ಆಗಸ್ಟ್‌ನಲ್ಲೇ ಹಾರ್ಮನಿಓಎಸ್ ಘೋಷಣೆಯಾಯಿತು. 2021ರಲ್ಲಿ ಫೋನಿಗೂ ಬಂತು. ಹೆಸರು ಹೊಸದು, ಒಳಗೆ ಆಂಡ್ರಾಯ್ಡ್‌ನ ಮುಕ್ತ ಕೋಡ್ ಹಾಗೇ ಇತ್ತು. ಹಳೆಯ ಆ್ಯಪ್‌ಗಳು ಓಡಬೇಕಲ್ಲ! ನಿಜವಾದ ಕಡಿತ ಆದದ್ದು 2024ರ ಅಕ್ಟೋಬರಿನಲ್ಲಿ, ಹಾರ್ಮನಿಓಎಸ್ ನೆಕ್ಸ್ಟ್ ಬಂದಾಗ. ಆಂಡ್ರಾಯ್ಡ್ ಕೋಡ್ ಪೂರ್ತಿ ಹೊರಗೆ. ಆಂಡ್ರಾಯ್ಡ್‌ನ ತಿರುಳಾದ ಲಿನಕ್ಸ್ ಬದಲು ತನ್ನದೇ ಮೈಕ್ರೋಕರ್ನೆಲ್.

ಈ ಮೈಕ್ರೋಕರ್ನೆಲ್ ಸ್ವಾರಸ್ಯದ ವಸ್ತು. ಓಎಸ್‌ನ ಗರ್ಭಗುಡಿಯಲ್ಲಿ ತೀರಾ ಬೇಕಾದ ಎರಡು ಮೂರು ಕೆಲಸ ಮಾತ್ರ ಇಟ್ಟುಕೊಂಡು, ಫೈಲ್ ನೋಡಿಕೊಳ್ಳುವುದು, ಡ್ರೈವರ್ (ಕ್ಯಾಮೆರಾದಂಥ ಬಿಡಿಭಾಗಗಳನ್ನು ನಡೆಸುವ ತಂತ್ರಾಂಶ) ಓಡಿಸುವುದು, ಎಲ್ಲವನ್ನೂ ಹೊರಗಿನ ಪ್ರಾಕಾರಕ್ಕೆ ಕಳಿಸುತ್ತಾರೆ. ಒಂದು ಡ್ರೈವರ್ ಕುಸಿದರೆ ಇಡೀ ಫೋನ್ ಕುಸಿಯುವುದಿಲ್ಲ, ಕಳ್ಳ ನುಗ್ಗಿದರೂ ಹೊರಗಿನ ಕೋಣೆಯಲ್ಲೇ ಸಿಕ್ಕಿಬೀಳುತ್ತಾನೆ. ಆದರೆ ಪ್ರತಿ ಸಣ್ಣ ಕೆಲಸಕ್ಕೂ ಒಳಗೂ ಹೊರಗೂ ಚೀಟಿ ಓಡಾಡಬೇಕು, ಅದರಿಂದ ನಿಧಾನ. ಹುವಾವೇ ಎಂಜಿನಿಯರುಗಳು 2024ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದಕ್ಕೆ ಕಂಡುಕೊಂಡ ಉಪಾಯವಿದೆ. ವೇಗ ಬೇಕಾದ ಕೆಲವು ಕೆಲಸಗಳನ್ನು ಮತ್ತೆ ಒಳಗೇ ಕರೆದುಕೊಂಡರು. ಲಿನಕ್ಸ್ ಡ್ರೈವರ್‌ಗಳನ್ನು ಒಂದು ಡಬ್ಬಿಯೊಳಗೆ ಹಾಕಿ ಹಾಗೇ ಬಳಸಿದರು. ಮಡಿ ಸ್ವಲ್ಪ ಸಡಿಲವಾಯಿತು, ಫೋನ್ ಓಡಿತು. ನನಗಂತೂ ಈ ರಾಜಿಯೇ ಇಷ್ಟ.

ಇನ್ನು ಸಂತೆಯ ಮಾತು. ಕೌಂಟರ್‌ಪಾಯಿಂಟ್ ಎಂಬ ಮಾರುಕಟ್ಟೆ ಸಮೀಕ್ಷೆ ಸಂಸ್ಥೆಯ ಲೆಕ್ಕದಲ್ಲಿ 2024ರ ಮೊದಲ ಮೂರು ತಿಂಗಳಲ್ಲಿ ಚೀನಾದ ಫೋನ್ ಮಾರಾಟದಲ್ಲಿ ಹಾರ್ಮನಿಓಎಸ್ ಪಾಲು ಶೇ. 17, ಐಓಎಸ್ ಪಾಲು ಶೇ. 16. ಐಫೋನನ್ನೇ ಹಿಂದಿಕ್ಕಿತು ಎಂದು ಸುದ್ದಿಯಾಯಿತು. ಒಂದು ಮಾತು ಮರೆಯಬಾರದು: ಆ ಶೇ. 17 ಬಂದದ್ದು ಹೊಟ್ಟೆಯಲ್ಲಿ ಆಂಡ್ರಾಯ್ಡ್ ಇಟ್ಟುಕೊಂಡಿದ್ದ ಹಳೆಯ ಹಾರ್ಮನಿಯಿಂದ. ಹೊಸದರ ಬಗ್ಗೆ ಕಂಪನಿಗೇ ಪೂರ್ತಿ ಧೈರ್ಯ ಇರಲಿಲ್ಲ. 2024ರ ನವೆಂಬರಿನಲ್ಲಿ ಬಂದ ಮೇಟ್ 70 ಫೋನಿನಲ್ಲಿ ಹಳೆಯದು ಬೇಕೋ ಹೊಸದು ಬೇಕೋ ಎಂದು ಕೊಳ್ಳುವವರೇ ಆರಿಸಬಹುದಿತ್ತು.

ಅಲ್ಲಿನ "ವಾಟ್ಸಾಪ್ ಬರುತ್ತಾ" ಪ್ರಶ್ನೆಯ ರೂಪ "ವೀಚಾಟ್ ಬರುತ್ತಾ". ವೀಚಾಟ್ ಅಂದರೆ ಚೀನಾದವರ ವಾಟ್ಸಾಪ್ ಇದ್ದ ಹಾಗೆ. ಹುವಾವೇ ಹೇಳುವ ಪ್ರಕಾರ ಚೀನಾದ ಬಳಕೆದಾರರ ಶೇ. 99.9 ಸಮಯ ಹೋಗುವುದು 5,000 ಆ್ಯಪ್‌ಗಳಲ್ಲಿ. ಲಕ್ಷಗಟ್ಟಲೆ ಆ್ಯಪ್ ಯಾಕೆ, ಅಷ್ಟನ್ನು ತಂದರೆ ಸಾಕು ಎಂಬ ಲೆಕ್ಕಾಚಾರ. ಜಾಣತನವೇ. ವೀಚಾಟ್ ಸ್ವಲ್ಪ ಕಾಯಿಸಿ ಬಂತು. ನಿಮ್ಮ ಫೋನನ್ನೇ ತೆಗೆದು ನೋಡಿ, ದಿನಾ ತೆರೆಯುವುದು ಹತ್ತು ಹನ್ನೆರಡು ಆ್ಯಪ್ ಅಷ್ಟೇ, ಅಲ್ವಾ? ತೊಂದರೆ ಇರುವುದು ವರ್ಷಕ್ಕೆ ಎರಡು ಸಲ ಬೇಕಾಗುವ ಆ್ಯಪ್‌ಗಳಲ್ಲಿ. ಸಹಕಾರಿ ಬ್ಯಾಂಕಿನದ್ದು, ಮಗಳ ಶಾಲೆಯದ್ದು, ಗ್ಯಾಸ್ ಬುಕಿಂಗಿನದ್ದು. ಅವು ಬೇಕಾದ ದಿನ ಇರಲೇಬೇಕು.

ಚೀನಾದ ಹೊರಗೆ ಈ ಓಎಸ್‌ಗೆ ದಾರಿ ಕಷ್ಟ ಅಂತಲೇ ನನ್ನ ಅನಿಸಿಕೆ. ಬೆಂಗಳೂರಿನಲ್ಲಿ ಹುವಾವೇ ಸಂಶೋಧನಾ ಕೇಂದ್ರ 1999ರಿಂದ ಇದೆ ನಿಜ. ಆದರೆ ಇಲ್ಲಿ ಹಣ ಕಳಿಸುವ ಅನೇಕ ಆ್ಯಪ್‌ಗಳು ತೆರೆದ ತಕ್ಷಣ "ಈ ಫೋನನ್ನು ನಂಬಬಹುದಾ?" ಎಂದು ಗೂಗಲ್ ಸೇವೆಯನ್ನು ಕೇಳುತ್ತವೆ. ಆ ಸೇವೆಯೇ ಇಲ್ಲದ ಫೋನಿನಲ್ಲಿ ಉತ್ತರ ಕೊಡುವವರು ಯಾರು? ಹತ್ತು ರೂಪಾಯಿ ಸೊಪ್ಪಿಗೂ ಕ್ಯೂಆರ್ ಸ್ಕ್ಯಾನ್ ಮಾಡುವ ಊರಿನಲ್ಲಿ ಇದು ಸಣ್ಣ ಅಡ್ಡಿಯಲ್ಲ.

ಚೀನಾದೊಳಗೆ ಅದು ಉಳಿಯುತ್ತದೆ, ಅದರಲ್ಲಿ ನನಗೆ ಅನುಮಾನ ಜಾಸ್ತಿ ಇಲ್ಲ. ಎಷ್ಟು ಗಟ್ಟಿಯಾಗಿ ಎಂಬುದಕ್ಕೆ ಮಾರಾಟದ ಅಂಕಿಗಿಂತ ಇನ್ನೊಂದನ್ನು ನೋಡಬೇಕು. ಹೊಸ ಹಾರ್ಮನಿಯ ಮೇಲೆ ಆಂಡ್ರಾಯ್ಡ್ ಆ್ಯಪ್ ಓಡಿಸುವ ಉಪಕರಣಗಳು ಅದರ ಆ್ಯಪ್ ಅಂಗಡಿಯಲ್ಲೇ ಸಿಗುತ್ತವೆ. ಮುಂಬಾಗಿಲಿನಿಂದ ಹೊರಗೆ ಹಾಕಿದ ನೆಂಟ ಹಿತ್ತಲಿನಿಂದ ಬಂದು ಊಟಕ್ಕೆ ಕೂತಿದ್ದಾನೆ. ಆ ಉಪಕರಣಗಳನ್ನು ಇಳಿಸಿಕೊಳ್ಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಾರಾ, ನಾನು ಕಾಯುತ್ತಿರುವುದು ಆ ಲೆಕ್ಕಕ್ಕೆ.