ಐರನ್‌ಮ್ಯಾನ್ ಓಟಗಾರನ ಕರುಳಿನಲ್ಲೊಂದು ಬಾಗಿಲು

3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, ಅದಾದ ಮೇಲೆ ಪೂರ್ತಿ 42.2 ಕಿಲೋಮೀಟರ್ ಓಟ. ಐರನ್‌ಮ್ಯಾನ್ ಟ್ರಯಥ್ಲಾನ್ ಅಂದರೆ ಇಷ್ಟು ಅಂತ ಹೇಳಿದ ಕೂಡಲೇ ಜನ ಕಾಲಿನ ಬಗ್ಗೆ ಕೇಳುತ್ತಾರೆ. ಮಂಡಿ ಹೋಗಲ್ವಾ, ತೊಡೆ ಹಿಡಿಯಲ್ವಾ ಅಂತ. ಕರುಳಿನ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ವರ್ಷಗಟ್ಟಲೆ ತಯಾರಾದವರು ಓಟದ ಮಧ್ಯೆ ರಸ್ತೆ ಬದಿಯಲ್ಲಿ ಬಗ್ಗಿ ವಾಂತಿ ಮಾಡುತ್ತಾ ನಿಲ್ಲುತ್ತಾರಲ್ಲ, ಅಲ್ಲಿ ಬಹಳ ಸಲ ಕೈಕೊಟ್ಟಿದ್ದು ಹೊಟ್ಟೆ.

ನಮ್ಮ ಸ್ನಾಯು ಮತ್ತು ಲಿವರ್‌ನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 400ರಿಂದ 500 ಗ್ರಾಂ. ಹತ್ತಿರ ಹತ್ತಿರ 2000 ಕ್ಯಾಲೊರಿ. ಜೋರಾಗಿ ಸೈಕಲ್ ತುಳಿದರೆ ಗಂಟೆಗೆ 600-700 ಖರ್ಚು. ಕೊಬ್ಬು ಬೇಕಾದಷ್ಟಿದೆ, ನಿಜ. ಆದರೆ ಕೊಬ್ಬು ಹಸಿ ಸೌದೆ ಇದ್ದಂತೆ, ಉರಿಯುತ್ತದೆ, ಆದರೆ ನಿಧಾನ. ಸಕ್ಕರೆ ಒಣಗಿದ ತೆಂಗಿನ ಗರಿ. ಜೋರು ಉರಿ ಬೇಕಾದಾಗ ಗರಿಯೇ ಬೇಕು, ಗರಿ ಮುಗಿದರೆ ಕಾಲು ಸೀಸದಂತೆ ಭಾರ. ಹಾಗಾಗಿ ಓಡುತ್ತಲೇ ತಿನ್ನಬೇಕು. ಎಷ್ಟು ತಿನ್ನಬಹುದು ಅನ್ನೋದನ್ನು ಬಾಯಿ ತೀರ್ಮಾನಿಸುವುದಿಲ್ಲ, ಸಣ್ಣ ಕರುಳಿನಲ್ಲಿರುವ ಒಂದು ಬಾಗಿಲು ತೀರ್ಮಾನಿಸುತ್ತದೆ.

ಆ ಬಾಗಿಲಿನ ಹೆಸರು ಎಸ್‌ಜಿಎಲ್‌ಟಿ1. ಕರುಳಿನ ಒಳಗೋಡೆಯ ಜೀವಕೋಶಗಳ ಮೇಲೆ ಕೂತಿರುವ ಒಂದು ಪ್ರೋಟೀನ್. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಇದರ ನಿಯಮ ಒಂದೇ: ಒಂದು ಗ್ಲೂಕೋಸ್ ಒಳಗೆ ಬರಬೇಕಾದರೆ ಜೊತೆಗೆ ಎರಡು ಸೋಡಿಯಂ ಬರಬೇಕು. ಎರಡೂ ಕೈಯಲ್ಲಿ ಮಕ್ಕಳನ್ನು ಹಿಡಿದ ತಾಯಿಗೆ ಮಾತ್ರ ಬಸ್ ಹತ್ತಲು ಬಿಡುವ ಕಂಡಕ್ಟರ್ ಅಂದುಕೊಳ್ಳಿ. ತಾಯಿ ಒಬ್ಬಳೇ ಬಂದರೆ ಜಾಗ ಇಲ್ಲ, ಮಕ್ಕಳು ಮಾತ್ರ ಬಂದರೂ ಇಲ್ಲ. ಹಾಗಾದರೆ ಈ ಬಸ್ಸನ್ನು ಓಡಿಸುವ ಶಕ್ತಿ ಎಲ್ಲಿಂದ? ಜೀವಕೋಶದ ಹಿಂಬದಿಯಲ್ಲಿ ಒಂದು ಪಂಪು ಹಗಲೂ ರಾತ್ರಿ ಸೋಡಿಯಂ ಅನ್ನು ಹೊರಗೆ ಎತ್ತಿ ಹಾಕುತ್ತಿರುತ್ತದೆ. ಅದರಿಂದ ಒಳಗೆ ಸೋಡಿಯಂ ಯಾವಾಗಲೂ ಕಡಿಮೆ. ಕೆರೆ ಮೇಲೆ, ಗದ್ದೆ ಕೆಳಗೆ ಇದ್ದ ಹಾಗೆ. ತೂಬು ತೆಗೆದರೆ ನೀರು ನುಗ್ಗುತ್ತದೆ, ನೀರಿನ ಜೊತೆ ತೇಲುತ್ತಿದ್ದ ಎಲೆಯೂ ಗದ್ದೆ ಸೇರುತ್ತದೆ. ಇಲ್ಲಿ ನುಗ್ಗುವುದು ಸೋಡಿಯಂ, ತೇಲಿ ಬರುವುದು ಗ್ಲೂಕೋಸ್. ಇವೆರಡೂ ಒಳಗೆ ಸೇರಿದ ಮೇಲೆ ನಾವು ಕುಡಿದ ನೀರು ಅವುಗಳ ಹಿಂದೆ ತಾನೇ ಬರುತ್ತದೆ. ಅಂದರೆ ಉಪ್ಪು, ಸಕ್ಕರೆ, ನೀರು ಮೂರಕ್ಕೂ ಇದು ಒಟ್ಟು ದಾರಿ.

ಇದನ್ನು ಮೊದಲು ಹೇಳಿದವರು ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್, 1960ರ ಆಗಸ್ಟ್‌ನಲ್ಲಿ, ಪ್ರಾಗ್ ನಗರದ ಒಂದು ಸಭೆಯಲ್ಲಿ. ಅವರ ತಲೆಯಲ್ಲಿ ಓಟಗಾರರು ಇರಲಿಲ್ಲ. ಈ ಬಾಗಿಲಿನ ನಿಜವಾದ ಬೆಲೆ ಗೊತ್ತಾಗಿದ್ದು ಕಾಲರಾ ರೋಗಿಗಳಿಂದ. 1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಡ್ರಿಪ್ ಬಾಟಲಿಗಳು ಸಾಲಲಿಲ್ಲ. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು ಮತ್ತು ಗ್ಲೂಕೋಸ್ ಕದಡಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಲ್ಲೇ ಕುಡಿಸಿದರು. ಶೇಕಡಾ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗೆ ಇಳಿಯಿತು. ಈಗ ಮೆಡಿಕಲ್ ಶಾಪ್‌ನಲ್ಲಿ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಇರುವುದು ಈ ಕಥೆ. ಭೇದಿಯಾದ ಮಗುವಿಗೆ ಕುಡಿಸುವ ನೀರಿಗೂ ಸೈಕಲ್‌ಗೆ ಸಿಕ್ಕಿಸಿದ ಬಾಟಲಿಯ ನೀರಿಗೂ ದಾರಿ ಒಂದೇ ಅಂತ ಮೊದಲ ಸಲ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಶತಮಾನದ ಅತಿ ದೊಡ್ಡ ವೈದ್ಯಕೀಯ ಮುನ್ನಡೆ ಬಹುಶಃ ಇದೇ ಎಂದು ಲ್ಯಾನ್ಸೆಟ್ ಪತ್ರಿಕೆ ಬರೆದದ್ದು 1978ರಲ್ಲಿ. ಮೊದಲ ಐರನ್‌ಮ್ಯಾನ್ ನಡೆದದ್ದೂ ಅದೇ ವರ್ಷ, ಫೆಬ್ರವರಿ 18ಕ್ಕೆ, ಹವಾಯಿಯ ಒವಾಹು ದ್ವೀಪದಲ್ಲಿ. ಹೊರಟವರು 15 ಜನ, ಮುಗಿಸಿದವರು 12. ಗಾರ್ಡನ್ ಹಾಲರ್ 11 ಗಂಟೆ 46 ನಿಮಿಷದಲ್ಲಿ ಗೆದ್ದರು. ಎರಡನೆಯವರಾದ ಜಾನ್ ಡನ್‌ಬಾರ್ ಅವರ ಜೊತೆಗಾರರ ಬಳಿ ಓಟದ ಮಧ್ಯೆ ನೀರು ಮುಗಿಯಿತು, ಬಿಯರ್ ಕೊಟ್ಟರು! ಒಂದು ಕಡೆ ಕಾಲರಾ ಡಾಕ್ಟರುಗಳಿಗೆ ಪೂರ್ತಿ ಗೊತ್ತಿದ್ದ ವಿಷಯ, ಇನ್ನೊಂದು ಕಡೆ ಆ ದಿನದ ಓಟದ ದಾರಿಯಲ್ಲಿ ಬಿಯರ್.

ಈಗ ಬಾಗಿಲಿನ ಮಿತಿಗೆ ಬರೋಣ. ಗ್ಲೂಕೋಸ್ ಒಂದನ್ನೇ ಎಷ್ಟು ಕುಡಿದರೂ ಮೈಗೆ ಸಿಗುವುದು ಗಂಟೆಗೆ ಸುಮಾರು 60 ಗ್ರಾಂ ಮಾತ್ರ. ಉಳಿದದ್ದು ಕರುಳಲ್ಲೇ ಕೂತು, ನೀರನ್ನು ತನ್ನ ಕಡೆ ಎಳೆದುಕೊಂಡು ಹೊಟ್ಟೆ ಕೆಡಿಸುತ್ತದೆ. ಆದರೆ ಫ್ರಕ್ಟೋಸ್‌ಗೆ ಬೇರೆ ಬಾಗಿಲಿದೆ, ಗ್ಲುಟ್5 ಅಂತ. ದರ್ಶಿನಿಯಲ್ಲಿ ತಿಂಡಿ ಕೌಂಟರ್ ಮುಂದೆ ಕ್ಯೂ ಎಷ್ಟೇ ಇರಲಿ, ಕಾಫಿ ಕೌಂಟರ್ ತನ್ನ ಪಾಡಿಗೆ ನಡೆಯುತ್ತದೆ, ಅಲ್ವಾ? ಎರಡನ್ನೂ ಬೆರೆಸಿ ಕೊಟ್ಟರೆ ಗಂಟೆಗೆ 90 ಗ್ರಾಂ ತನಕ ತಿಂದು ಬಳಸಿಕೊಳ್ಳಬಹುದು ಅಂತ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಆಸ್ಕರ್ ಯೂಕೆಂಡ್ರುಪ್ ಮತ್ತು ಸಂಗಡಿಗರು ತೋರಿಸಿದರು. ಯೂಕೆಂಡ್ರುಪ್ ಸ್ವತಃ ಐರನ್‌ಮ್ಯಾನ್ ಓಡಿದವರು.

ನಮ್ಮ ಮನೆಯ ಸಕ್ಕರೆ ಕರುಳಲ್ಲಿ ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬೆಲ್ಲದಲ್ಲೂ ಬಹುಪಾಲು ಅದೇ. ಹಾಗಾಗಿ ರಾಮನವಮಿಯ ಪಾನಕಕ್ಕೆ ಉಪ್ಪು ಸ್ವಲ್ಪ ಮುಂದಾಗಿ ಹಾಕಿದರೆ ಸೈಕಲ್ ಬಾಟಲಿಗೆ ಸುಮಾರಾಗಿ ಒಪ್ಪುತ್ತದೆ. ಇಷ್ಟು ಹೇಳಿದರೆ ಸಾಕು, 'ನೋಡಿ, ನಮ್ಮ ಹಿರಿಯರಿಗೆ ಎಲ್ಲಾ ಮೊದಲೇ ಗೊತ್ತಿತ್ತು' ಅಂತ ವಾಟ್ಸಾಪ್ ಸಂದೇಶ ಶುರುವಾಗುತ್ತದೆ. ದಯವಿಟ್ಟು ಬೇಡ. ಹಿರಿಯರು ಬಿಸಿಲಿಗೆ ಹಿತವಾದದ್ದನ್ನು ಮಾಡಿ ಕುಡಿದರು, ಅದು ಒಳ್ಳೆಯದೇ. ಕರುಳಿನ ಬಾಗಿಲು ಎಣಿಸಿದವರು ಬೇರೆ, ಅವರ ದುಡಿಮೆಯನ್ನು ಸುಮ್ನೆ ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಬಾರದು.

90 ಗ್ರಾಂ ಅಂತ ಓದಿ ನಾಳೆಯೇ 90 ಗ್ರಾಂ ಕುಡಿಯಲು ಹೋಗಬೇಡಿ. ಓಡುವಾಗ ರಕ್ತವೆಲ್ಲ ಸ್ನಾಯುವಿಗೆ, ಬಿಸಿಲಿದ್ದರೆ ಚರ್ಮಕ್ಕೂ ಹೋಗುತ್ತದೆ. ಕರುಳಿಗೆ ಸಿಗುವುದು ಅಳಿದುಳಿದದ್ದು. ವಾರಗಟ್ಟಲೆ ಅಭ್ಯಾಸದಲ್ಲೇ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡುತ್ತಾ ಹೋದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ. ಓಟದ ದಿನ ಹೊಟ್ಟೆ ತೊಳಸಿದರೆ ವೇಗ ಇಳಿಸಬೇಕು, ಸಕ್ಕರೆ ಪಾಕದಂಥ ಇನ್ನೊಂದು ಜೆಲ್ ಪೊಟ್ಟಣ ತುರುಕಬಾರದು.

ನನಗೆ ನಿಜಕ್ಕೂ ಭಯ ಇರುವುದು ನೀರಿನ ವಿಷಯದಲ್ಲಿ. 'ಬಾಯಾರಿಕೆ ಆಗೋ ಮುಂಚೆಯೇ ಕುಡಿ, ಎಷ್ಟು ಕುಡಿದರೂ ಒಳ್ಳೆಯದೇ' ಅನ್ನುವ ಮಾತು ಜೀವ ತೆಗೆಯಬಲ್ಲದು. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕು. ಬೆವರಿನಲ್ಲಿ ಹೋದದ್ದಕ್ಕಿಂತ ಜಾಸ್ತಿ ನೀರು ಕುಡಿದರೆ ಅದು ಇಳಿಯುತ್ತದೆ. ದೀರ್ಘ ಓಟದಲ್ಲಿ ನೀರು ಹಿಡಿದಿಡುವ ಹಾರ್ಮೋನು ಕೆಲಸ ಮಾಡುತ್ತಿರುವುದರಿಂದ ಮೂತ್ರವಾಗಿಯೂ ಹೊರಹೋಗುವುದಿಲ್ಲ. ತೆಳುವಾದ ರಕ್ತದಿಂದ ನೀರು ಮೆದುಳಿನ ಕೋಶಗಳಿಗೆ ನುಗ್ಗಿ ಅವು ಊದಿಕೊಳ್ಳುತ್ತವೆ. ತಲೆಬುರುಡೆ ಹಿಗ್ಗುವುದಿಲ್ಲವಲ್ಲ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇಕಡಾ 13 ಜನರಲ್ಲಿ ಸೋಡಿಯಂ ಕಡಿಮೆ ಇತ್ತು. ಅಪಾಯ ಜಾಸ್ತಿ ಇರುವುದು ನಿಧಾನವಾಗಿ ಓಡುವವರಿಗೆ. ಅವರಿಗೆ ಕುಡಿಯಲು ಸಮಯ ಹೆಚ್ಚು, ಬೆವರು ಕಡಿಮೆ. ಕ್ರೀಡಾ ಪಾನೀಯ ಕುಡಿದರೆ ತೊಂದರೆಯಿಲ್ಲ ಅನ್ನೋದೂ ತಪ್ಪು. ಅದರಲ್ಲಿರುವ ಉಪ್ಪು ರಕ್ತದಲ್ಲಿರುವುದಕ್ಕಿಂತ ಎಷ್ಟೋ ಕಡಿಮೆ.

ಹಾಗಾದರೆ ಎಷ್ಟು ಕುಡಿಯಬೇಕು? ಬಾಯಾರಿಕೆಯ ಮಾತು ಕೇಳಿ, ಜೊತೆಗೆ ಒಂದು ತೂಕದ ಯಂತ್ರ ಇಟ್ಟುಕೊಳ್ಳಿ. ಕಳೆದ ಬೇಸಿಗೆಯಲ್ಲಿ ನಂದಿಬೆಟ್ಟದ ಕಡೆ ಮೂರು ಗಂಟೆ ಸೈಕಲ್ ಹೊಡೆದ ದಿನ, ಹೊರಡುವ ಮುಂಚೆ ನಾನು 71.2 ಕೆಜಿ ಇದ್ದೆ. ವಾಪಸ್ ಬಂದು ಬೆವರು ಒರೆಸಿ ನಿಂತರೆ 70. ಮಧ್ಯೆ 750 ಎಂಎಲ್‌ನ ಎರಡು ಬಾಟಲಿ ಖಾಲಿಯಾಗಿತ್ತು, ಮೂತ್ರಕ್ಕೆ ಹೋಗಿರಲಿಲ್ಲ. ಅಂದರೆ ಹೋದ ಬೆವರು ಸುಮಾರು 2.7 ಲೀಟರ್, ಗಂಟೆಗೆ 900 ಎಂಎಲ್. ಕಪ್ಪು ಜೆರ್ಸಿಯ ಬೆನ್ನಿನ ಮೇಲೆ ರಂಗೋಲಿ ಎಳೆ ಎಳೆದ ಹಾಗೆ ಬಿಳಿ ಉಪ್ಪಿನ ಗೆರೆಗಳು. ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಿಸಬೇಕಿಲ್ಲ, ಒಂದೂವರೆ ಕೆಜಿ ಇಳಿದರೂ ನನ್ನ ಮೈಗೆ ಅದು ಶೇಕಡಾ 2ರಷ್ಟೇ. ತೂಕ ಏರಬಾರದು, ಅಷ್ಟೇ.

ಓಟದ ದಿನ ಬೆಳಗಿನ ತೂಕವನ್ನು ಬಿಬ್‌ನ, ಅಂದರೆ ಅಂಗಿಗೆ ಸಿಕ್ಕಿಸುವ ನಂಬರ್ ಚೀಟಿಯ, ಹಿಂದೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ತಲೆನೋವು, ವಾಂತಿ, ಗಲಿಬಿಲಿ ಅಂತ ಯಾರಾದರೂ ಕುಸಿದರೆ ನೋಡುವವರು ನಿರ್ಜಲೀಕರಣ ಅಂದುಕೊಂಡು ಇನ್ನಷ್ಟು ನೀರು ಕುಡಿಸಲು ಓಡಿ ಬರುತ್ತಾರೆ. ಸೋಡಿಯಂ ಇಳಿದವರಿಗೆ ಅದು ವಿಷ. ಅವರಿಗೆ ಬೇಕಾಗಿರುವುದು ರಕ್ತ ಪರೀಕ್ಷೆ, ಆಮೇಲೆ ಡಾಕ್ಟರ ಕೈಯಿಂದ ಶೇಕಡಾ 3ರ ಗಟ್ಟಿ ಉಪ್ಪುನೀರಿನ ಡ್ರಿಪ್. ಪ್ರಜ್ಞೆ ತಪ್ಪಿದವರು ಬಾಯಿ ಬಿಟ್ಟು ಹೇಳಲಾರರು, ತೂಕ ಏರಿದೆಯೋ ಇಳಿದಿದೆಯೋ ಅಂತ ಆ ಬಿಬ್ ಹೇಳುತ್ತದೆ.