ಉಪಗ್ರಹ ಯಾಕೆ ಬೀಳಲ್ಲ? ಬೀಳುತ್ತಲೇ ಇದೆ, ಸ್ವಾಮಿ!

"ಸರ್, ಭೂಮಿ ಎಳೀತಾನೇ ಇದ್ರೂ ಉಪಗ್ರಹ ಯಾಕೆ ಕೆಳಗೆ ಬೀಳಲ್ಲ?" ಪ್ರತಿ ಉಡಾವಣೆಯ ವಾರ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಉತ್ತರವನ್ನೂ ತಾವೇ ಬರೆದಿರುತ್ತಾರೆ: "ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲ ಗುರುತ್ವವನ್ನು ಸರಿದೂಗಿಸುತ್ತದೆ, ಅಲ್ವಾ?"

ಅಲ್ಲ. ನೂರು ಸಲ ಹೇಳಿದ್ದೇನೆ, ಇದು ನೂರಾ ಒಂದನೆಯದು.

ಓಡುತ್ತಿರುವ ವಸ್ತುವಿನ ಮೇಲೆ ಎರಡು ಬಲಗಳು ಸಮಸಮ ಎಳೆದರೆ ಅದು ನೆಟ್ಟಗೆ ಹೋಗುತ್ತದೆ, ತಿರುಗುವುದಿಲ್ಲ. ಉಪಗ್ರಹವೂ ಹಾಗೇ ಹೊರಟುಬಿಡುತ್ತಿತ್ತು. ಅದು ಸುತ್ತುತ್ತಿದೆ ಅಂದರೆ ಒಳಕ್ಕೆ ಎಳೆಯುವವರಿದ್ದಾರೆ, ಎದುರಿಗೆ ಹಗ್ಗ ಹಿಡಿದವರಿಲ್ಲ ಎಂದೇ ಅರ್ಥ.

ಜೋಳದ ಹೊಲದಲ್ಲಿ ಹಕ್ಕಿ ಓಡಿಸಲು ಕವಣೆ ಬೀಸಿದವರನ್ನು ಕೇಳಿ. ತಲೆಯ ಮೇಲೆ ತಿರುಗಿಸುತ್ತಾ, ಕಲ್ಲು ಮೂಗಿನ ನೇರಕ್ಕೆ ಬಂದಾಗ ಬಿಟ್ಟರೆ ಅದು ಮುಂದಕ್ಕೆ ಹೋಗಲ್ಲ, ಪಕ್ಕಕ್ಕೆ ಹಾರುತ್ತದೆ. ಮುಂದಿನ ಹಕ್ಕಿಗೆ ತಾಗಬೇಕಾದರೆ ಕಲ್ಲು ಪಕ್ಕದಲ್ಲಿದ್ದಾಗ ಬಿಡಬೇಕು. ಹೊರಕ್ಕೆ ತಳ್ಳುವ ಬಲ ನಿಜವಾಗಿ ಇದ್ದಿದ್ದರೆ ಹೀಗಾಗುತ್ತಿತ್ತಾ? ಕೈಗೆ ಸೆಳೆತ ಗೊತ್ತಾಗುತ್ತದಲ್ಲ ಅನ್ನುತ್ತೀರಿ. ಅದು ಹಗ್ಗ ನಿಮ್ಮ ಕೈಯನ್ನು ಎಳೆಯುವುದು. ಕಲ್ಲನ್ನು ಅದೇ ಹಗ್ಗ ಒಳಕ್ಕೇ ಎಳೆಯುತ್ತಿದೆ. (ಉಪಗ್ರಹದ ಜೊತೆಗೇ ತಿರುಗುತ್ತಾ ಲೆಕ್ಕ ಹಾಕುವವರು ಹೊರಬಲವನ್ನು ಸೇರಿಸಿಕೊಳ್ಳುತ್ತಾರೆ. ಅದು ಲೆಕ್ಕದ ಅನುಕೂಲಕ್ಕೆ, ಅಷ್ಟೇ.)

ಹಾಗಾದರೆ ಉತ್ತರ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸುಮಾರು 400 ಕಿ.ಮೀ. ಎತ್ತರದಲ್ಲಿದೆ. ಅಲ್ಲಿ ಗುರುತ್ವ ನೆಲದ ಮೇಲಿರುವುದರ ಸುಮಾರು ಶೇ. 89ರಷ್ಟಿದೆ, ಸೊನ್ನೆಯಲ್ಲ. ನಿಲ್ದಾಣ ಪ್ರತಿ ಸೆಕೆಂಡಿಗೆ 4.3 ಮೀಟರ್‌ನಷ್ಟು ಬೀಳುತ್ತದೆ. ಅದೇ ಸೆಕೆಂಡಿನಲ್ಲಿ 7.6 ಕಿ.ಮೀ.ಗೂ ಜಾಸ್ತಿ ಅಡ್ಡಕ್ಕೆ ಓಡಿರುತ್ತದೆ. ಭೂಮಿ ಗುಂಡಗಿದೆಯಲ್ಲ, ಅಷ್ಟು ದೂರದಲ್ಲಿ ನೆಲವೂ ಅಷ್ಟೇ ಬಾಗಿ ಕೆಳಗೆ ಸರಿದಿರುತ್ತದೆ. ಬಿದ್ದರೂ ನೆಲ ಸಿಗಲ್ಲ. ಒಳಗಿರುವ ಗಗನಯಾತ್ರಿಗಳೂ ಜೊತೆಗೇ ಬೀಳುತ್ತಿರುವುದರಿಂದ ತೇಲುತ್ತಾರೆ.

ಯಾರೂ ಕೇಳದ, ಆದರೆ ನನಗೆ ಇಷ್ಟವಾದ ಪ್ರಶ್ನೆ ಒಂದಿದೆ. ಆ ಎತ್ತರದಲ್ಲೂ ಚೂರು ಗಾಳಿ ಇದೆ, ಅದು ನಿಲ್ದಾಣವನ್ನು ತಡೆಯುತ್ತದೆ, ನಿಲ್ದಾಣ ಮೆಲ್ಲಗೆ ಕೆಳಕ್ಕಿಳಿಯುತ್ತಾ ಹೋಗುತ್ತದೆ. ಆಗ ವೇಗ ಏನಾಗುತ್ತದೆ? ಜಾಸ್ತಿಯಾಗುತ್ತದೆ! ಘಾಟಿ ಇಳಿಯುವಾಗ ಬ್ರೇಕನ್ನು ಸ್ವಲ್ಪವೇ ಹಿಡಿದರೆ ಸೈಕಲ್ಲಿನ ಓಟ ಏರುತ್ತಲೇ ಹೋಗುತ್ತದಲ್ಲ, ಹಾಗೆ. ಗಾಳಿ ಕಸಿದುಕೊಳ್ಳುವುದಕ್ಕಿಂತ ಜಾಸ್ತಿ ವೇಗವನ್ನು ಇಳಿತ ಕೊಡುತ್ತದೆ. ಹೀಗೆ ಇಳಿಯುತ್ತಲೇ ಹೋಗಬಾರದು ಅಂತ ಆಗಾಗ ಎಂಜಿನ್ ಹೊತ್ತಿಸಿ, ಮುಂದಕ್ಕೆ ತಳ್ಳಿ, ನಿಲ್ದಾಣವನ್ನು ಮೇಲೆತ್ತುತ್ತಾರೆ. ಅಷ್ಟೆಲ್ಲ ತಳ್ಳಿಸಿಕೊಂಡು ಎತ್ತರದ ಕಕ್ಷೆಗೆ ಸೇರಿದ ಮೇಲೆ ಅದರ ವೇಗ ಮೊದಲಿಗಿಂತ ಕಡಿಮೆ.