ಶೀಟ್ ಇಳಿಸುವವರ ಹೆಸರು ಯಾವ ದಾಖಲೆಯಲ್ಲಿದೆ?

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಶೀಟಿನ ಮನೆ ಕೆಡವಿ ಮೂರು ನಾಲ್ಕು ಅಂತಸ್ತು ಎಬ್ಬಿಸುವ ಭರಾಟೆ ನಿಂತಿಲ್ಲ. ಹಾಗೆ ಇಳಿಸುವ ಬೂದು ಬಣ್ಣದ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಉಸಿರಿನೊಂದಿಗೆ ಒಳಹೋದರೆ ಕ್ಯಾನ್ಸರ್ ತರಬಲ್ಲ ಈ ನಾರು ನಿಷೇಧವಾಗಿದೆಯಲ್ಲವೇ ಎಂದು ಅನೇಕರು ಕೇಳುತ್ತಾರೆ. ಆಗಿಲ್ಲ.

ಹೆಂಚಿಗಿಂತ ಹಗುರ, ಆರ್‌ಸಿಸಿಗಿಂತ ಅಗ್ಗ ಎಂದು ಬಂದ ಶೀಟು ಕೆಲವೇ ದಶಕಗಳಲ್ಲಿ ಪೀಣ್ಯದ ಶೆಡ್ಡುಗಳಿಂದ ಬಾಡಿಗೆ ವಠಾರಗಳವರೆಗೆ ಹಬ್ಬಿತು. ಕೇಂದ್ರ ಸರ್ಕಾರ 1986ರಲ್ಲಿ ಕಲ್ನಾರಿನ ಹೊಸ ಗಣಿ ಗುತ್ತಿಗೆ ನಿಲ್ಲಿಸಿತು, 1993ರಲ್ಲಿ ನವೀಕರಣವನ್ನೂ ನಿಲ್ಲಿಸಿತು. ನಮ್ಮ ನೆಲದಿಂದ ತೆಗೆಯಬಾರದ ನಾರು ರಷ್ಯಾ, ಕಜಕಸ್ತಾನಗಳಿಂದ ಬರುವುದಕ್ಕೆ ಮಾತ್ರ ಅಡ್ಡಿಯಾಗಲಿಲ್ಲ.

1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಲ್ಲಿ ಮುಖ್ಯ. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಅದು ಹೇಳಿತು. ರೋಗ ಖಚಿತವಾದವರಿಗೆ 1 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟು ದೀರ್ಘ ಅವಧಿಗೆ ಕಾರಣವಿದೆ: ಶ್ವಾಸಕೋಶದ ಹೊರಪೊರೆಗೆ ತಗಲುವ ಮೆಸೊಥೆಲಿಯೋಮಾ ಕ್ಯಾನ್ಸರ್ ಸಾಮಾನ್ಯವಾಗಿ ನಾರು ಉಸಿರಿನಲ್ಲಿ ಹೊಕ್ಕ 20ರಿಂದ 40 ವರ್ಷಗಳ ನಂತರ ತಲೆಯೆತ್ತುತ್ತದೆ. ಒಳ್ಳೆಯ ತೀರ್ಪು. ಆದರೆ ಅದರ ಕಣ್ಣೆದುರು ಇದ್ದದ್ದು ಹಾಜರಿ ಪುಸ್ತಕವಿರುವ ಕಾರ್ಖಾನೆ ಮತ್ತು ಗಣಿ. ಇಂದು ಹೆಗಡೆ ನಗರ, ನಾಳೆ ಕೆಂಗೇರಿ ಎಂದು ಅಲೆಯುವ ಕೂಲಿಯ ದಾಖಲೆಯನ್ನು 40 ವರ್ಷ ಯಾರು ಇಟ್ಟುಕೊಳ್ಳುತ್ತಾರೆ?

ಆಮೇಲಿನದು ಬೇಗ ಹೇಳಬಹುದು. ಪೂರ್ಣ ನಿಷೇಧ ಕೋರಿದ ಅರ್ಜಿ 2011ರಲ್ಲಿ ವಜಾ ಆಯಿತು. ಯುರೋಪ್ ಒಕ್ಕೂಟ 2005ರಲ್ಲೇ ಬಳಕೆ ನಿಲ್ಲಿಸಿತ್ತು. ಶೀಟುಗಳಲ್ಲಿ ಬಳಸುವ ಬಿಳಿ ಕಲ್ನಾರನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು.

ಸಿಮೆಂಟಿನಲ್ಲಿ ಬೆರೆತು ಗಟ್ಟಿಯಾಗಿರುವವರೆಗೆ ನಾರು ಅಷ್ಟಾಗಿ ಹಾರುವುದಿಲ್ಲ. ಕೊರೆದಾಗ, ಕತ್ತರಿಸಿದಾಗ, ಒಡೆದಾಗ ಹಾರುತ್ತದೆ. ಶೀಟನ್ನು ಬಿಗಿದಿರುವ ಜೆ ಬೋಲ್ಟು ತುಕ್ಕು ಹಿಡಿದು ಬಿಚ್ಚಲು ಬಾರದಿದ್ದಾಗ ಸುತ್ತಿಗೆಯೇ ಗತಿ, ಮೂಗಿಗೆ ಟವೆಲು. ಆ ಬಟ್ಟೆ ಇಂಥ ಸೂಕ್ಷ್ಮ ನಾರನ್ನು ತಡೆಯುವುದಿಲ್ಲ. ಶೀಟನ್ನು ನೀರಿನಿಂದ ತೋಯಿಸಿ, ಬೋಲ್ಟು ಕತ್ತರಿಸಿ ಇಡಿಯಾಗಿ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ದೂಳು ಬಹಳಷ್ಟು ಕಡಿಮೆಯಾಗುತ್ತದೆ. ಇದಕ್ಕೆ ಅರ್ಧ ದಿನದ ಕೂಲಿ ಹೆಚ್ಚು ಬೀಳಬಹುದು. ಕೆಡವುವ ಗುತ್ತಿಗೆ ಮಾತಾಡುವಾಗಲೇ ಮನೆ ಮಾಲೀಕರು ಆ ಹಣವನ್ನು ಸೇರಿಸಬೇಕು.